ಸ್ಪೀಕರ್ ಮತ್ತು ಸಹೃದಯ

ನಮ್ಮ ಆಲಂಕಾರಿಕರು ಕಾವ್ಯದ ಒಂದು ಬಗೆಯ ಧ್ವನಿಯನ್ನು ಗಂಟೆಯ ನಾದಕ್ಕೆ ಹೋಲಿಸಿದ್ದಾರೆ. ಗಂಟೆಗೆ ಪೆಟ್ಟು ಬಿದ್ದೊಡನೆ ಕೇಳುವ ಸದ್ದು ಒಂದು. ಆಮೇಲೆ ಅಲೆಅಲೆಯಾಗಿ ಹರಡಿ, ಕ್ಷೀಣಿಸುತ್ತ, ಮೌನದಲ್ಲಿ ಕರಗುವ ಅನುರಣನ ಇನ್ನೊಂದು. ವಾಚ್ಯಾರ್ಥ ಪೆಟ್ಟಿನಂತೆ, ವ್ಯಂಗ್ಯಾರ್ಥ ಅನುರಣನದಂತೆ. ಈ ಮಾತನ್ನು ತರಗತಿಯಲ್ಲಿ ಕಾವ್ಯಕ್ಕಾಗಿ ಹೇಳುತ್ತಿದ್ದವನು ನಾನು. ನಿವೃತ್ತನಾಗಿ, ಸಂಗೀತ ಕೇಳುವುದೇ ಸಂಜೆಯ ಮುಖ್ಯ ಕೆಲಸವಾದ ಮೇಲೆ, ಇದು ಮನೆಯ ಸ್ಪೀಕರಿಗೂ ಸಲ್ಲುತ್ತದೆಂದು ಮನವರಿಕೆಯಾಗಿದೆ. ಪೆಟ್ಟನ್ನು ಕೇಳಿಸುವ ಸ್ಪೀಕರ್ ಎಲ್ಲ ಅಂಗಡಿಗಳಲ್ಲೂ ದೊರೆಯುತ್ತದೆ. ಅನುರಣನವನ್ನು ಉಳಿಸಿಕೊಡುವುದನ್ನು ಹುಡುಕಬೇಕು.

ಇದು ಬರಿಯ ಷೋಕಿಯ ವಿಷಯವಲ್ಲ. ಆಸೆಪಟ್ಟು ತಂದ ಸ್ಪೀಕರ್ ಕೆಲವೇ ತಿಂಗಳಲ್ಲಿ ಮೂಕವಾಗಿ, ಅದರ ಮೇಲೊಂದು ಕಸೂತಿ ಬಟ್ಟೆಯೂ ಹೂದಾನಿಯೂ ಬಂದು ಕುಳಿತ ಮನೆಗಳನ್ನು ನಾನು ಬಲ್ಲೆ. ಯಂತ್ರ ಕೆಟ್ಟಿರುವುದಿಲ್ಲ. ಅರ್ಧ ಗಂಟೆ ಕೇಳುವಷ್ಟರಲ್ಲಿ ಕಾರಣ ತಿಳಿಯದ ಆಯಾಸವಾಗುತ್ತದೆ; ಯಾರೋ ಎದ್ದು ಅದನ್ನು ನಿಲ್ಲಿಸುತ್ತಾರೆ. “ವಯಸ್ಸಾಯಿತು, ಸಂಗೀತದಲ್ಲಿ ಮೊದಲಿನ ಆಸಕ್ತಿಯಿಲ್ಲ” ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಆಸಕ್ತಿ ಎಲ್ಲಿಗೂ ಹೋಗಿರುವುದಿಲ್ಲ. ಕಿವಿ ದಣಿದಿರುತ್ತದೆ, ಅಷ್ಟೆ.

ಏಕೆ ದಣಿಯುತ್ತದೆ? ಇಂದು ಮನೆಗಳಲ್ಲಿರುವ ಬಹುಪಾಲು ಸ್ಪೀಕರುಗಳ ಮೂಲತತ್ತ್ವ 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ರೂಪಿಸಿದ್ದೇ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ವಿದ್ಯುತ್ತಿಗೆ ತಕ್ಕಂತೆ ಹಿಂದುಮುಂದಾಗುತ್ತದೆ. ಅದಕ್ಕೆ ಅಂಟಿಸಿದ ಶಂಕುವಿನಾಕಾರದ ಹಾಳೆ ಗಾಳಿಯನ್ನು ಅಲುಗಿಸುತ್ತದೆ. ವಿದ್ಯುತ್ತು ನಿಂತೊಡನೆ ಹಾಳೆಯೂ ನಿಲ್ಲಬೇಕು. ಕಳಪೆ ಸ್ಪೀಕರಿನಲ್ಲಿ ಅದು ನಿಲ್ಲದೆ ಇನ್ನಷ್ಟು ತೂಗಾಡುತ್ತದೆ. ತೆಳುವಾದ ಪೆಟ್ಟಿಗೆಯ ಹಲಗೆಯೂ ಜೊತೆಗೆ ನಡುಗುತ್ತದೆ. ವಾದ್ಯದ ಅನುರಣನದ ಮೇಲೆ ಯಂತ್ರದ ಅನುರಣನ ಮುಸುಕು ಹಾಕುತ್ತದೆ. ವೀಣೆಯ ಕೊಡ ನುಡಿಯಬೇಕು. ಸ್ಪೀಕರಿನ ಪೆಟ್ಟಿಗೆ ನುಡಿಯಬಾರದು. ಬೆರಳಿನ ಗೆಣ್ಣಿನಿಂದ ಪೆಟ್ಟಿಗೆಯನ್ನು ತಟ್ಟಿನೋಡಿ. ತಗಡಿನ ಡಬ್ಬದಂತೆ ಟೊಳ್ಳಾಗಿ ಮೊಳಗಿದರೆ ಅನುಮಾನಪಡಿ.

ಇನ್ನು ಅಂಕಿಗಳ ಮಾತು. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್ ವರೆಗಿನ ಕಂಪನಗಳು ಕೇಳುತ್ತವೆಂಬುದು ಎಳೆಯ ಕಿವಿಯ ಲೆಕ್ಕ. ನನ್ನ ವಯಸ್ಸಿನವರಿಗೆ ಮೇಲಿನ ಭಾಗ ಬಹಳ ಮಟ್ಟಿಗೆ ಮುಚ್ಚಿಹೋಗಿರುತ್ತದೆ. ಹಾರ್ಮೋನಿಯಂನ ‘ಬಿಳಿ ಒಂದು’ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 130 ಹರ್ಟ್ಸ್. ಅವರ ತಂಬೂರಿಯ ಮಂದ್ರ ಷಡ್ಜ ಸುಮಾರು 65. ಅದಕ್ಕಿಂತ ಬಹು ಕೆಳಗಿನ ಗುಡುಗಿಗಾಗಿ ಹಣ ತೆರುವುದರಲ್ಲಿ ಶಾಸ್ತ್ರೀಯ ಸಂಗೀತದ ಕೇಳುಗನಿಗೆ ಹೆಚ್ಚಿನ ಲಾಭವಿಲ್ಲ. ವ್ಯಾಟ್ ಲೆಕ್ಕವೂ ಹಾಗೆಯೇ. ಶಕ್ತಿಯನ್ನು 40ರಿಂದ 80 ವ್ಯಾಟಿಗೆ ಏರಿಸಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾಗಿ ತೋರಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ಅಂಗಡಿಯಲ್ಲಿ ಎರಡು ಸ್ಪೀಕರುಗಳನ್ನು ಹೋಲಿಸುವಾಗ ಒಂದು ಎಚ್ಚರವಿರಲಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ಕ್ಷೀಣಿಸಿದಂತೆ ತೋರುತ್ತವೆಂದು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟರು. ಆದಕಾರಣ ಕೊಂಚ ಜೋರಾಗಿ ನುಡಿಯುವ ಸ್ಪೀಕರೇ ಹೆಚ್ಚು ತುಂಬಿದ್ದಂತೆ ಭಾಸವಾಗುತ್ತದೆ. ಎರಡರ ಸದ್ದನ್ನೂ ಸಮ ಮಾಡಿಸಿಕೊಂಡೇ ಕೇಳಿ. ಅನಂತರ ಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ ಮಾಡಿಸಿ ಮತ್ತೊಮ್ಮೆ ಕೇಳಿ.

ಏನನ್ನು ಕೇಳಬೇಕು? ಮೊದಲು ಮನುಷ್ಯನ ಮಾತು. ನಿಮಗೆ ಚೆನ್ನಾಗಿ ಪರಿಚಯವಿರುವವರ ಧ್ವನಿಮುದ್ರಣವೊಂದನ್ನು ಒಯ್ಯಿರಿ. ಮೂಗಿನಿಂದಲೋ ಹಂಡೆಯೊಳಗಿನಿಂದಲೋ ಮಾತನಾಡಿದಂತಿದ್ದರೆ, ಸಕಾರ ಷಕಾರಗಳು ಸೀಟಿ ಹೊಡೆದಂತಿದ್ದರೆ, ಅದನ್ನು ಅಲ್ಲಿಯೇ ಬಿಡಿ. 1970ರ ದಶಕದಲ್ಲಿ ಬಿ.ಬಿ.ಸಿ.ಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿಗೆಂದು ಎಲ್.ಎಸ್. 3/5ಎ ಎಂಬ ಒಂದು ಅಡಿ ಎತ್ತರದ ಸ್ಪೀಕರನ್ನು ರೂಪಿಸಿದರು. ಅದರಲ್ಲಿ ಆಳವಾದ ಮಂದ್ರವಿಲ್ಲ, ಅಬ್ಬರವಿಲ್ಲ. ಮನುಷ್ಯನ ಕಂಠ ಮಾತ್ರ ಸಹಜವಾಗಿ ಕೇಳುತ್ತದೆ. ಅಷ್ಟರಿಂದಲೇ ಅದು ರಸಿಕರ ಮನೆಗಳನ್ನು ಸೇರಿ, ಇಂದಿಗೂ ಬೇಡಿಕೆ ಉಳಿಸಿಕೊಂಡಿದೆ.

ಎರಡನೆಯದು ತಂಬೂರಿ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಒಂದೆಳೆ ನೂಲಿನಿಂದ, ಅಂದರೆ ಜೀವಾಳದಿಂದ, ಒಂದು ಮೀಟಿನಿಂದ ಹತ್ತಾರು ಉಪಸ್ವರಗಳು ಅರಳುತ್ತವೆ. ಒಳ್ಳೆಯ ಸ್ಪೀಕರಿನಲ್ಲಿ ಈ ಅರಳುವಿಕೆ ಕೇಳುತ್ತದೆ. ಕಳಪೆಯದರಲ್ಲಿ ಬರಿಯ ಝೇಂಕಾರ. ಮೂರನೆಯದು ಮೃದಂಗ. ಬಲಗಡೆಯ ಕರಣೆಯ ನಾದಕ್ಕೆ ಶ್ರುತಿ ಇರಬೇಕು. ಎಡಗಡೆಯ ಗುಮುಕಿ ಬಾಗಿ ಮೇಲೇರುವುದು ತಿಳಿಯಬೇಕು. ಎರಡೂ ಕಲಸಿ ‘ಧಂ’ ಎಂಬ ಒಂದೇ ಸದ್ದಾದರೆ ಅದು ಮದುವೆ ಚಪ್ಪರಕ್ಕೆ ಯೋಗ್ಯ, ಮನೆಗಲ್ಲ.

ಮನೆಗೆ ತಂದ ಮೇಲೆ ಕೋಣೆಯೂ ಒಂದು ವಾದ್ಯವೇ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಮಂದ್ರ ಊದಿಕೊಳ್ಳುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಿಡಿ. ತಾರ ಸ್ವರ ನುಡಿಸುವ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರ್ ಹಾಗೂ ನೀವು ಸೇರಿ ಹೆಚ್ಚುಕಡಿಮೆ ಸಮಬಾಹು ತ್ರಿಕೋನವಾಗಲಿ. ಕೋಣೆಯಲ್ಲಿ ಚಪ್ಪಾಳೆ ತಟ್ಟಿದಾಗ ಸದ್ದು ಝಣಝಣಿಸಿದರೆ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ತುಂಬಿದ ಪುಸ್ತಕದ ಕಪಾಟುಗಳೂ ಸದ್ದನ್ನು ಚದುರಿಸಿ ಹದಗೊಳಿಸುತ್ತವೆ. ಸಾಹಿತ್ಯಾಸಕ್ತರಿಗೆ ಇದಕ್ಕಾಗಿ ಬೇರೆ ಖರ್ಚಿಲ್ಲ!

ಕಾವ್ಯ ಓದುವಾಗ ಅಕ್ಷರ ಕಣ್ಣಿಗೆ ಬೀಳುತ್ತಿದ್ದರೂ ಅಕ್ಷರದ ನೆನಪಿರುವುದಿಲ್ಲ. ಸ್ಪೀಕರೂ ಹಾಗೆಯೇ ಮರೆಯಾಗಬೇಕು. ಕೊಳ್ಳುವ ಮುನ್ನ ಒಂದಿಡೀ ಆಲಾಪನೆಯನ್ನು ಕೂತು ಕೇಳಿ. ಮುಗಿದಾಗ “ಎಂಥ ಸ್ಪೀಕರ್!” ಎನ್ನಿಸಿದರೆ ಇನ್ನೊಂದು ಅಂಗಡಿಗೆ ಹೋಗಿ, “ಎಂಥ ತೋಡಿ!” ಎನ್ನಿಸಿದರೆ ಹಣ ಕೊಟ್ಟು ಮನೆಗೆ ತನ್ನಿ.