ಸೂಪರ್‌ಹೀರೋಗಳೂ ಹೆಸರು ನೋಂದಾಯಿಸಬೇಕೇ? ಮಕ್ಕಳ ‘ಸಿವಿಲ್ ವಾರ್’ ಬಗ್ಗೆ ಒಂದಿಷ್ಟು

ಸಿವಿಲ್ ವಾರ್ ಎಂದೊಡನೆ ಸ್ಟರ್ಲಿಂಗ್ ಸುತ್ತಮುತ್ತ ಇರುವ ನಮಗೆ ನೆನಪಾಗುವುದು ಮನಾಸಸ್. 1861 ಮತ್ತು 1862ರಲ್ಲಿ ಎರಡು ಸಲ ಕಾಳಗ ನಡೆದ ಆ ಬಯಲಿಗೆ ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ದು, ಫಿರಂಗಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಯದವರು ನಮ್ಮಲ್ಲಿ ವಿರಳ. ಆದರೆ ಮನೆಯ ಮಕ್ಕಳ ಬಾಯಲ್ಲಿ ಈ ಮಾತು ಬಂದರೆ ಅದು ಬಹುಪಾಲು ಬೇರೆಯೇ ಯುದ್ಧ! ಐರನ್ ಮ್ಯಾನ್ ಒಂದು ಕಡೆ, ಕ್ಯಾಪ್ಟನ್ ಅಮೆರಿಕ ಇನ್ನೊಂದು ಕಡೆ. "ಅಪ್ಪಾ, ನೀನು ಯಾರ ಕಡೆ?" ಎಂದು ಕೇಳಿದಾಗ ತಡವರಿಸದಿರಲೆಂದು ಈ ಬರಹ.

ಮಾರ್ಕ್ ಮಿಲ್ಲರ್ ಬರೆದು ಸ್ಟೀವ್ ಮೆಕ್‌ನಿವೆನ್ ಚಿತ್ರಿಸಿದ ‘ಸಿವಿಲ್ ವಾರ್’ 2006-07ರಲ್ಲಿ ಮಾರ್ವೆಲ್ ಪ್ರಕಾಶನದಿಂದ ಏಳು ಸಂಚಿಕೆಗಳಲ್ಲಿ ಬಂತು. ಮಾರ್ವೆಲ್‌ನ ಹತ್ತಾರು ಬೇರೆ ಪತ್ರಿಕೆಗಳ ಕಥೆಗಳೂ ಇದಕ್ಕೆ ಬಂದು ಸೇರಿಕೊಂಡವು. ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಟಿವಿ ಕಾರ್ಯಕ್ರಮಕ್ಕಾಗಿ ಖಳರನ್ನು ಹಿಡಿಯಲು ಹೋದ ಕೆಲವು ಎಳೆಯ ಹೀರೋಗಳ ಎಡವಟ್ಟಿನಿಂದ ಭಾರೀ ಸ್ಫೋಟವಾಗುತ್ತದೆ. ಶಾಲೆಯ ಮಕ್ಕಳೂ ಸೇರಿ ನೂರಾರು ಜನ ಸಾಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್‌ನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬೆನ್ನಲ್ಲೇ ಹೊಸ ಕಾನೂನು ಬರುತ್ತದೆ: ವಿಶೇಷ ಶಕ್ತಿ ಇದ್ದವರು ತಮ್ಮ ನಿಜವಾದ ಹೆಸರನ್ನು ಸರ್ಕಾರಕ್ಕೆ ಕೊಡಬೇಕು, ತರಬೇತಿ ಪಡೆಯಬೇಕು, ಸಂಬಳದ ನೌಕರರಾಗಿ ಕೆಲಸ ಮಾಡಬೇಕು. ಒಲ್ಲೆನೆಂದರೆ ಜೈಲು.

ಟೋನಿ ಸ್ಟಾರ್ಕ್ ಒಪ್ಪುತ್ತಾನೆ. ಅವನದು ತೆಗೆದುಹಾಕುವ ವಾದವಲ್ಲ. ನಮ್ಮಲ್ಲಿ ಎಷ್ಟೊಂದು ವೈದ್ಯರಿದ್ದಾರೆ. ರಾಜ್ಯದ ಲೈಸೆನ್ಸ್ ಇಲ್ಲದೆ ಅವರು ಒಬ್ಬ ರೋಗಿಯನ್ನೂ ನೋಡುವಂತಿಲ್ಲ. ಕಟ್ಟಡ ಉರುಳಿಸಬಲ್ಲವನಿಗೆ ಮಾತ್ರ ಏಕೆ ವಿನಾಯಿತಿ? ಕ್ಯಾಪ್ಟನ್ ಅಮೆರಿಕನಿಗೆ ಬೇರೆ ಭಯ: ಇಂದು ಪಟ್ಟಿ ಮಾಡಿದ ವಾಷಿಂಗ್ಟನ್ ನಾಳೆ ಖಳರು ಯಾರೆಂದೂ ತಾನೇ ಹೇಳತೊಡಗುತ್ತದೆ. ನಡುವೆ ನಲುಗುವವನು ಸ್ಪೈಡರ್ ಮ್ಯಾನ್. ಟೋನಿಯ ಮಾತು ಕೇಳಿ ಟಿವಿ ಕ್ಯಾಮೆರಾಗಳ ಮುಂದೆ ಮುಖವಾಡ ತೆಗೆಯುತ್ತಾನೆ. ವಿಚಾರಣೆಯಿಲ್ಲದೆ ಗೆಳೆಯರನ್ನು ಕೂಡಿಹಾಕಿದ ಸೆರೆಮನೆಯನ್ನು ಕಂಡ ಮೇಲೆ ಪಕ್ಷ ಬದಲಿಸುತ್ತಾನೆ. ಆದರೆ ಹೊರಬಿದ್ದ ಹೆಸರು ಮತ್ತೆ ಒಳಗೆ ಹೋಗುವುದಿಲ್ಲವಲ್ಲ! ಶತ್ರುವಿನ ಗುಂಡು ಅವನ ಮೇ ಅತ್ತೆಗೆ ಬೀಳುತ್ತದೆ. ಇಡೀ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದೇ.

ಪಟ್ಟಿ, ನೋಂದಣಿ, ಬೆರಳಚ್ಚು... ಇವು ನಮಗೇನೂ ಹೊಸದಲ್ಲ. ಪರದೇಶಿಯರ ನೋಂದಣಿ ಕಾನೂನು ಈ ದೇಶದಲ್ಲಿ 1940ರಿಂದಲೂ ಇದೆ. ಗ್ರೀನ್ ಕಾರ್ಡ್ ಇರುವ, 18 ತುಂಬಿದ ಪ್ರತಿಯೊಬ್ಬರೂ ಅದನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು ಎಂಬುದು ನಿಯಮ. 2002ರಲ್ಲಿ ಆರಂಭವಾದ ವಿಶೇಷ ನೋಂದಣಿಯಲ್ಲಿ, ವೀಸಾ ಮೇಲೆ ಇಲ್ಲಿದ್ದ 25 ದೇಶಗಳ, 16 ದಾಟಿದ ಗಂಡಸರನ್ನು ಕಚೇರಿಗೆ ಕರೆಸಿ ಬೆರಳಚ್ಚು ತೆಗೆದುಕೊಂಡರು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ ಇದ್ದವು. 80,000ಕ್ಕೂ ಹೆಚ್ಚು ಜನ ತಾವಾಗಿಯೇ ಬಂದು ಹೆಸರು ಕೊಟ್ಟರು; 13,000ಕ್ಕೂ ಹೆಚ್ಚು ಜನರ ಮೇಲೆ ಗಡೀಪಾರಿನ ಪ್ರಕ್ರಿಯೆ ಶುರುವಾಯಿತು. 2011ರಲ್ಲಿ ಅದು ನಿಂತು, 2016ರ ಡಿಸೆಂಬರ್‌ನಲ್ಲಿ ನಿಯಮವೇ ರದ್ದಾಯಿತು. ಮಿಲ್ಲರ್ ಕಥೆ ಬಂದದ್ದು ಆ ಕಾಲದಲ್ಲೇ.

ಇದೇ ಜಗಳ ನಮ್ಮ ಬೆಂಗಳೂರಿನವರ ನಡುವೆಯೂ ನಡೆದಿದೆ! 2009ರಲ್ಲಿ ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾದವರು ಇನ್ಫೋಸಿಸ್‌ನ ನಂದನ್ ನಿಲೇಕಣಿ. ಗುರುತಿನ ಒಂದು ಕಾಗದವೂ ಇಲ್ಲದ ಬಡವನಿಗೆ ಒಂದು ಸಂಖ್ಯೆ ಸಿಕ್ಕರೆ, ಸರ್ಕಾರದ ನೆರವು ನೇರವಾಗಿ ಅವನ ಕೈಸೇರುತ್ತದೆ ಎಂಬುದು ಆ ಯೋಜನೆಯ ವಾದ. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ 86 ವರ್ಷ. ಕಾಮಿಕ್ಸಿನ ಹಾಗೆ ಇಲ್ಲಿ ಯಾರೂ ಯಾರನ್ನೂ ಗುದ್ದಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಾಲ್ವರು ಒಬ್ಬರೆದುರು ಎಂಬ ಬಹುಮತದಿಂದ ಆಧಾರ್ ಉಳಿಯಿತು. ಸರ್ಕಾರದ ಸವಲತ್ತಿಗೆ, ತೆರಿಗೆಗೆ ಅದನ್ನು ಕೇಳಬಹುದು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಕ್ಯಾಪ್ಟನ್ ಅಮೆರಿಕನ ಪಕ್ಕದಲ್ಲಿಟ್ಟೇ ಹೇಳಬಹುದು ಎಂದು ನಮಗನ್ನಿಸುತ್ತದೆ.

ಕಾಮಿಕ್ಸಿನಲ್ಲಿ ಗೆಲ್ಲುವವರು ಯಾರು? ಕೊನೆಯ ಹೊಡೆದಾಟದಲ್ಲಿ ಕ್ಯಾಪ್ಟನ್ ಕೈ ಮೇಲಾಗಿರುವಾಗ, ಅವನನ್ನು ಹಿಡಿದು ನಿಲ್ಲಿಸುವವರು ಸಾಮಾನ್ಯ ಜನ. ಸುತ್ತಲಿನ ಹಾಳುಬಿದ್ದ ಬೀದಿಯನ್ನು ನೋಡಿ ಅವನೇ ಶರಣಾಗುತ್ತಾನೆ. ಐರನ್ ಮ್ಯಾನ್‌ನನ್ನು ಜೈಲರನನ್ನಾಗಿ ಮಾಡಿದ್ದರಿಂದ ಅವನ ವಾದಕ್ಕೆ ಕಥೆ ಪೂರ್ತಿ ನ್ಯಾಯ ಒದಗಿಸಿಲ್ಲ ಎಂಬುದು ನಮ್ಮ ದೂರು.

ಹೆಚ್ಚಿನ ಮಕ್ಕಳಿಗೆ ಗೊತ್ತಿರುವುದು 2016ರ ಸಿನಿಮಾ. ಅದರ ಬಹುಭಾಗದ ಚಿತ್ರೀಕರಣ ಆದದ್ದು ನಮ್ಮ ಅಟ್ಲಾಂಟಾ ಕನ್ನಡಿಗರ ನೆರೆಯಲ್ಲೇ. ಅದರಲ್ಲಿ ನೋಂದಣಿಯ ಬದಲು, 117 ದೇಶಗಳು ಒಪ್ಪಿದ ಒಪ್ಪಂದದಡಿ ವಿಶ್ವಸಂಸ್ಥೆಯ ಮೇಲುಸ್ತುವಾರಿ ಇದೆ. ಮುಖವಾಡದ ಪ್ರಶ್ನೆ ಹಿಂದೆ ಸರಿದಿದೆ. ಆದ್ದರಿಂದ ನಮ್ಮ ಮತ ಪುಸ್ತಕಕ್ಕೇ. ಏಳೂ ಸಂಚಿಕೆಗಳು ಸೇರಿ ಒಂದೇ ಸಂಪುಟವಾಗಿ ಪ್ರಕಟವಾಗಿವೆ. ಸಾವುನೋವಿನ ಚಿತ್ರಗಳು ಇರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡುವ ಮುನ್ನ ನೀವೊಮ್ಮೆ ತಿರುವಿಹಾಕಿ.