ಪಂಚಾಯಿತಿ ಅಭ್ಯರ್ಥಿಗೆ ಮೊದಲ ಕರ್ತವ್ಯ ಯಾವುದು?

2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ, ನಮ್ಮೂರಿನ ತರುಣನೊಬ್ಬನು ನಾಮಪತ್ರ ಸಲ್ಲಿಸುವ ಮುನ್ನಾದಿನ ಮನೆಗೆ ಬಂದನು. ಊರ ಹಿರಿಯರು ಕೂಡಿ ಒಂದು ನಿರ್ಣಯ ಮಾಡಿದ್ದರಂತೆ: ಗುಡಿಯ ಜೀರ್ಣೋದ್ಧಾರಕ್ಕೆ ಯಾರು ಹೆಚ್ಚು ಹಣ ಕೊಡುವರೋ ಅವರು ಅವಿರೋಧವಾಗಿ ಆಯ್ಕೆಯಾಗಲಿ, ಉಳಿದವರು ಹಿಂದೆ ಸರಿಯಲಿ ಎಂದು. ಎರಡು ಎಕರೆ ಹೊಲವನ್ನು ಅಡವಿಡಲು ಅವನು ಸಿದ್ಧನಾಗಿದ್ದನು. "ದೇವರ ಕೆಲಸಕ್ಕೇ ಕೊಡುವುದಲ್ಲವೆ? ಊರಲ್ಲಿ ಜಗಳವೂ ತಪ್ಪುತ್ತದೆ" ಎಂದನು.

ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ: "ಹಾಗೆ ಪಡೆದ ಸ್ಥಾನದಲ್ಲಿ ಕುಳಿತು ಮೊದಲು ಏನು ಮಾಡುವೆ?" ತುಸು ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿ, "ಅಡವಿಟ್ಟ ಹೊಲ ಬಿಡಿಸಿಕೊಳ್ಳಬೇಕಾಗುತ್ತದೆ" ಎಂದನು. ಸತ್ಯವನ್ನೇ ನುಡಿದಿದ್ದನು.

ಇಂತಹ ಹರಾಜುಗಳ ಸುದ್ದಿ ಆ ದಿನಗಳಲ್ಲಿ ರಾಜ್ಯದ ಹಲವೆಡೆಗಳಿಂದ ಪತ್ರಿಕೆಗಳಲ್ಲಿ ಬಂದಿತ್ತು. ಭಕ್ತಿಯ ಹೊದಿಕೆ ಇರುವುದರಿಂದ ಸಜ್ಜನರೂ ಇದಕ್ಕೆ ತಲೆದೂಗುತ್ತಾರೆ. ಆದರೆ ಹರಾಜಾಗುವುದು ಒಂದು ಕುರ್ಚಿಯಲ್ಲ. ಕಡುಬಡವನಿಗೂ ಸಂವಿಧಾನವು ಸಮಾನವಾಗಿ ಕೊಟ್ಟಿರುವ ಮತವೆಂಬ ಸ್ವತ್ತು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅಗತ್ಯಕ್ಕೆ ಮೀರಿದ ಅಕ್ಕಿಯನ್ನೇ ಒಲ್ಲದ ಪರಂಪರೆಯು ನೆರೆಯವನ ಮತ ಮಾರಿ ಬಂದ ಹಣವನ್ನು ಒಪ್ಪೀತೆ?

ಹಾಗಾದರೆ ಅಭ್ಯರ್ಥಿಯ ಆದ್ಯತೆಗಳೇನು? ಇದನ್ನು ಬಹುದೂರ ಹುಡುಕಬೇಕಾಗಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೇ ಗ್ರಾಮ ಪಂಚಾಯಿತಿಯ ಕಡ್ಡಾಯ ಕರ್ತವ್ಯಗಳನ್ನು ಎಣಿಸಿದೆ. ಕುಡಿಯುವ ನೀರಿನ ವ್ಯವಸ್ಥೆಯ ನಿರ್ವಹಣೆ, ಶೌಚಾಲಯ, ಚರಂಡಿ, ಬೀದಿದೀಪ, ಎಲ್ಲ ಮಕ್ಕಳನ್ನೂ ಶಾಲೆಗೆ ಸೇರಿಸುವುದು, ಎಲ್ಲ ಶಿಶುಗಳಿಗೂ ಲಸಿಕೆ, ಜನನ ಮರಣಗಳ ನೋಂದಣಿ, ತೆರಿಗೆಯ ವಸೂಲಿ ಇವೆಲ್ಲ ಅದರಲ್ಲಿವೆ. ಸ್ವಾಗತ ಕಮಾನು ಅದರಲ್ಲಿಲ್ಲ.

ಇವುಗಳಲ್ಲಿ ಮೊದಲನೆಯದು ನೀರು. 1980ರ ದಶಕದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ 'ನೀರ್ ಸಾಬ್' ಎಂದೇ ಜನರ ನಾಲಗೆಯಲ್ಲಿ ಉಳಿದರು. ಆದರೆ ನೀರು ಊರ ನಡುವಿನ ಮನೆಗಳಿಗೆ ಬಂದರೆ ಸಾಲದು. ಕೊಳಾಯಿಯ ಕೊನೆಯ ಕೇರಿಗೆ ಬಂತೇ ಎಂಬುದು ಪ್ರಶ್ನೆ. ನಮ್ಮವನೊಬ್ಬನು ಗೆದ್ದು ನಮ್ಮ ಓಣಿಗೆ ಮಾತ್ರ ನೀರು ಹರಿಸಿದರೆ ಅದು ದಾಸೋಹವಲ್ಲ, ಪಕ್ಷಪಾತ.

ಎರಡನೆಯದು ಮಕ್ಕಳು. ಅಂಗನವಾಡಿಯ ಮಾಡು ಸೋರುತ್ತಿರುವಾಗ ಗೋಪುರಕ್ಕೆ ಕಳಶವಿಡುವ ಅವಸರವೇಕೆ?

ಮೂರನೆಯದು ಲೆಕ್ಕ. ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನು ಹೇಳುತ್ತದೆ. ಅನೇಕ ಕಡೆ ಅದು ಸಹಿ ಪುಸ್ತಕದಲ್ಲಿ ಮಾತ್ರ ಸೇರುತ್ತದೆ. ಬಂದ ಹಣವೆಷ್ಟು, ವೆಚ್ಚವಾದದ್ದು ಎಲ್ಲಿ ಎಂಬುದನ್ನು ಎಲ್ಲರೆದುರು ಓದಿ ಹೇಳುತ್ತೇನೆಂದು ಮಾತು ಕೊಡುವ ಅಭ್ಯರ್ಥಿಯೇ ನನ್ನ ಮತಕ್ಕೆ ಅರ್ಹನು. ನಾನಾ ಕಾಯಕದವರು ಸಮನಾಗಿ ಕುಳಿತು ಪ್ರಶ್ನಿಸಿದ ಅನುಭವ ಮಂಟಪವನ್ನು ಕೊಂಡಾಡುವ ನಾವು ನಮ್ಮೂರ ಗ್ರಾಮಸಭೆಗೆ ಹೋಗದೆ ಮನೆಯಲ್ಲಿರುವುದು ಸೋಜಿಗವೇ ಸರಿ.

ತಾಯಂದಿರಿಗೂ ಒಂದು ಮಾತು. 2010ರ ತಿದ್ದುಪಡಿಯಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಹೆಸರು ಹೆಂಡತಿಯದು, ಅಧಿಕಾರ ಗಂಡನದು ಎಂಬ ಪದ್ಧತಿಗೆ ನಮ್ಮ ಮನೆಗಳಲ್ಲಿಯೇ ಕೊನೆಯಾಗಬೇಕು. ಮಾರಯ್ಯನವರನ್ನು ತಿದ್ದಿದವರು ಲಕ್ಕಮ್ಮನವರೆಂಬುದನ್ನು ಮರೆಯಬಾರದು.

ಆ ತರುಣನು ಹೊಲವನ್ನು ಅಡವಿಡಲಿಲ್ಲ. ಕಣದಿಂದ ಹಿಂದೆ ಸರಿಯಲೂ ಇಲ್ಲ. ಆದ್ದರಿಂದ ಮತದಾನ ನಡೆಯಿತು. ಅವನು ಸೋತನು. ಕೆಲವರು ಅವನೊಡನೆ ಬಹಳ ದಿನ ಮಾತು ಬಿಟ್ಟರು. ಸಲಹೆ ಕೊಟ್ಟ ನನ್ನೊಡನೆಯೂ ಬಿಟ್ಟರು. ಆದರೆ ಮುಂದಿನ ಗ್ರಾಮಸಭೆಯಲ್ಲಿ ಅವನು ಎದ್ದು ನಿಂತು, ಕೊನೆಯ ಕೇರಿಗೆ ನೀರು ವಾರದಲ್ಲಿ ಎಷ್ಟು ದಿನ ಬರುತ್ತದೆಯೆಂದು ಕೇಳಿದನು. ಗೆದ್ದವರು ಉತ್ತರಿಸಲೇಬೇಕಾಯಿತು. ಆ ಕೇರಿಯ ಹೆಣ್ಣುಮಕ್ಕಳು ಅಂದು ಮೊದಲ ಬಾರಿಗೆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಇನ್ನು ಮುಂದೆ ಮತ ಕೇಳಿ ಬಂದವರಿಗೆ ನಾವೂ ಇದೇ ಪ್ರಶ್ನೆಯನ್ನು ಕೇಳೋಣ: ಗೆದ್ದರೆ ಮೊದಲು ಏನು ಮಾಡುವಿರಿ?