ಮಾತಿಗೆ ಬೆಲೆ ಕಟ್ಟುವ ಬಗೆ: ಇಂಟರ್ನೆಟ್ ಫೋನಿನ ದರಪಟ್ಟಿ ಮತ್ತು ಪ್ಯಾಕೇಜು

ಇಂಟರ್ನೆಟ್ ಮೂಲಕ ಮಾಡುವ ಕರೆಗೆ ದರ ಹುಟ್ಟುವುದು ಆ ಕರೆ ಟೆಲಿಫೋನ್ ಜಾಲವನ್ನು ಮುಟ್ಟಿದಾಗ ಮಾತ್ರ. ಚನ್ನಪಟ್ಟಣದ ಮನೆಯಿಂದ ಅಮೆರಿಕದಲ್ಲಿರುವ ಮಗಳ ಜೊತೆ ವಾಟ್ಸಾಪಿನಲ್ಲಿ ಮಾತಾಡಿದರೆ ಎರಡೂ ಕಡೆ ಖರ್ಚಾಗುವುದು ಡೇಟಾ ಅಷ್ಟೆ. ನಿಮಿಷಕ್ಕೆ ಇಷ್ಟು ಎಂಬ ಲೆಕ್ಕವೇ ಅಲ್ಲಿಲ್ಲ. ಅದೇ ಇಂಟರ್ನೆಟ್ ಸಂಪರ್ಕದಿಂದ ಅಲ್ಲಿನ ಆಸ್ಪತ್ರೆಯೊಂದರ ಸಾಮಾನ್ಯ ಫೋನ್ ನಂಬರಿಗೆ ಕರೆ ಮಾಡಿದರೆ ಸಂಗತಿ ಬೇರೆ. ಮಾತು ಕಡಲಾಚೆಯವರೆಗೂ ಇಂಟರ್ನೆಟ್ಟಿನಲ್ಲೇ ಸಾಗಿ, ಕೊನೆಗೆ ಎರಡು ಜಾಲಗಳನ್ನು ಬೆಸೆಯುವ ಗೇಟ್‌ವೇ ದಾಟಿ ಅಲ್ಲಿನ ಟೆಲಿಫೋನ್ ಕಂಪನಿಯ ಜಾಲಕ್ಕೆ ಇಳಿಯುತ್ತದೆ. ಕರೆಯನ್ನು ತನ್ನ ಗ್ರಾಹಕನಿಗೆ ತಲುಪಿಸಿಕೊಟ್ಟದ್ದಕ್ಕೆ ಆ ಕಂಪನಿ ಹಣ ಕೇಳುತ್ತದೆ. ಇದೇ ಟರ್ಮಿನೇಷನ್ ಶುಲ್ಕ. ಇಂಟರ್ನೆಟ್ ಫೋನ್ ಸೇವೆಯ ದರಪಟ್ಟಿಯೆಲ್ಲ ನಿಂತಿರುವುದು ಇದರ ಮೇಲೆ.

ಹಿಂದೆ ಹೀಗಿರಲಿಲ್ಲ. ಆಗ ಬೆಲೆ ಕಟ್ಟುತ್ತಿದ್ದದ್ದು ದೂರಕ್ಕೆ. ಎಸ್‌ಟಿಡಿ ಬೂತುಗಳ ಕಾಲದಲ್ಲಿ ದೂರ ಹೆಚ್ಚಿದಷ್ಟೂ ಪಲ್ಸ್, ಅಂದರೆ ಬಿಲ್ಲಿನ ಲೆಕ್ಕದ ಒಂದೊಂದು ಹೆಜ್ಜೆ, ಬೇಗ ಬೇಗ ಓಡುತ್ತಿತ್ತು; ದರ ಇಳಿಯುವ ಹೊತ್ತಿಗಾಗಿ ಜನ ರಾತ್ರಿಯ ತನಕ ಕಾಯುತ್ತಿದ್ದರು. 2006ರ ಮಾರ್ಚ್ 1ರಂದು ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ‘ಒನ್ ಇಂಡಿಯಾ’ ಯೋಜನೆ ತಂದು, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದು ಸಾರಿದಾಗ ದೂರದ ಲೆಕ್ಕ ಸಡಿಲವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮಟ್ಟಿಗೆ ಇದು ಇನ್ನೂ ಸ್ಪಷ್ಟ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ರಾಮನಗರ ಜಿಲ್ಲೆಯ ಸ್ಥಿರ ದೂರವಾಣಿಗಳಿಗೆ ಬೆಂಗಳೂರಿನ 080 ಕೋಡೇ ಇದೆ. ನಂಬರನ್ನು ಕಂಡು ಊರು ಎಷ್ಟು ದೂರ ಎಂದು ಹೇಳುವಂತಿಲ್ಲ.

ದೇಶದೊಳಗೆ ಟರ್ಮಿನೇಷನ್ ಶುಲ್ಕವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಮೊಬೈಲಿಗೆ ಬರುವ ಕರೆಗೆ 2009ರಲ್ಲಿ ನಿಮಿಷಕ್ಕೆ 20 ಪೈಸೆ ಇದ್ದದ್ದು 2015ರಲ್ಲಿ 14 ಪೈಸೆ, 2017ರ ಅಕ್ಟೋಬರಿನಲ್ಲಿ 6 ಪೈಸೆ ಆಯಿತು. 2021ರ ಜನವರಿ 1ರಿಂದ ಸೊನ್ನೆ. ಈ ಶುಲ್ಕ ಗ್ರಾಹಕನ ಪ್ಯಾಕಿನೊಳಗೆ ಹೇಗೆ ಇಳಿದು ಬರುತ್ತದೆ ಎಂಬುದನ್ನು ಜನ 2019ರ ಅಕ್ಟೋಬರಿನಲ್ಲಿ ಕಣ್ಣಾರೆ ಕಂಡರು. ಬೇರೆ ಕಂಪನಿಯ ಮೊಬೈಲುಗಳಿಗೆ ಮಾಡುವ ಕರೆಗೆ ನಿಮಿಷಕ್ಕೆ 6 ಪೈಸೆ ಎಂದು ಜಿಯೋ ಪ್ರತ್ಯೇಕ ಟಾಪ್ ಅಪ್ ಮಾರಲು ಶುರುಮಾಡಿದ್ದು ಆಗಲೇ. ಶುಲ್ಕ ಸೊನ್ನೆಯಾದೊಡನೆ ಆ ಟಾಪ್ ಅಪ್ಪಿಗೆ ಕಾರಣವೂ ಉಳಿಯಲಿಲ್ಲ.

ಇಂಟರ್ನೆಟ್ ಫೋನಿಗೆ ಭಾರತದಲ್ಲಿ ಬಾಗಿಲು ತೆರೆದದ್ದು 2002ರ ಏಪ್ರಿಲ್‌ನಲ್ಲಿ, ಅದೂ ಅರ್ಧ ಮಾತ್ರ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದಿತ್ತು, ಕಂಪ್ಯೂಟರಿನಿಂದ ವಿದೇಶದ ಫೋನಿಗೂ ಕರೆ ಮಾಡಬಹುದಿತ್ತು. ಆದರೆ ದೇಶದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ಇಂಟರ್ನೆಟ್ ಕರೆಯ ಸೇವೆಯಾದ ಸ್ಕೈಪ್ ಕೂಡ 2014ರ ನವೆಂಬರಿನಲ್ಲಿ ಭಾರತದೊಳಗಿಂದ ಭಾರತದ ಫೋನುಗಳಿಗೆ ಮಾಡುವ ಕರೆಯನ್ನು ನಿಲ್ಲಿಸಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಮಾಡಿದ ಶಿಫಾರಸನ್ನು ಸರ್ಕಾರ 2018ರಲ್ಲಿ ಒಪ್ಪಿದ ಮೇಲೆ, ಲೈಸೆನ್ಸ್ ಪಡೆದ ಟೆಲಿಫೋನ್ ಕಂಪನಿಗಳು ಆ್ಯಪ್ ಮೂಲಕ ಫೋನ್ ನಂಬರು ಕೊಟ್ಟು ಸೇವೆ ನಡೆಸಲು ದಾರಿಯಾಯಿತು. ಅದೇ ವರ್ಷದ ಜುಲೈನಲ್ಲಿ ಬಂದ ಬಿಎಸ್‌ಎನ್‌ಎಲ್ ‘ವಿಂಗ್ಸ್’ನ ಪ್ಯಾಕೇಜು ಸರಳವಾಗಿತ್ತು: ವರ್ಷಕ್ಕೆ 1,099 ರೂಪಾಯಿ, ದೇಶದೊಳಗಿನ ಕರೆಗೆ ಮಿತಿಯಿಲ್ಲ, ವಿದೇಶದ ಕರೆಗೆ ಪ್ರತ್ಯೇಕ ದರ. ಈ ವಿಭಜನೆಗೆ ಕಾರಣವಿದೆ. ಒಳನಾಡಿನ ಕರೆಯ ವೆಚ್ಚವನ್ನು ಮುಂಚಿತವಾಗಿ ಅಂದಾಜು ಮಾಡಬಹುದು. ಹೊರದೇಶದ್ದು ದೇಶಕ್ಕೊಂದು, ಕೆಲವೊಮ್ಮೆ ಒಂದೇ ದೇಶದ ಕಂಪನಿಗೊಂದು.

ದರಪಟ್ಟಿಯ ತಯಾರಿ ಆರಂಭವಾಗುವುದು ನಂಬರಿನ ಮುಂಭಾಗದ ಅಂಕಿಗಳಿಂದ. ಅದಕ್ಕೆ ಪ್ರಿಫಿಕ್ಸ್ ಎಂದು ಹೆಸರು. ಜಗತ್ತಿನ ಯಾವುದೇ ಫೋನ್ ನಂಬರು ದೇಶದ ಕೋಡೂ ಸೇರಿ 15 ಅಂಕಿ ಮೀರುವಂತಿಲ್ಲ. ಬಿಲ್ಲಿಂಗ್ ತಂತ್ರಾಂಶ ಡಯಲ್ ಮಾಡಿದ ನಂಬರನ್ನು ಎಡದಿಂದ ಓದುತ್ತಾ, ಪಟ್ಟಿಯಲ್ಲಿ ಅದಕ್ಕೆ ಹೊಂದುವ ಅತಿ ಉದ್ದದ ಪ್ರಿಫಿಕ್ಸನ್ನು ಹುಡುಕಿ ಅದರ ದರ ಹಾಕುತ್ತದೆ. ದುಬೈಗೆ ಮಾಡಿದ ಕರೆ 971ಕ್ಕೂ ಹೊಂದುತ್ತದೆ, 9714ಕ್ಕೂ ಹೊಂದುತ್ತದೆ. ದರ ಬೀಳುವುದು 9714ರದ್ದು, ಅಂದರೆ ದುಬೈನ ಸ್ಥಿರ ದೂರವಾಣಿಯದ್ದು. ಮೊಬೈಲಾದರೆ 9715ರದ್ದು.

ಪಟ್ಟಿ ಬರೆಯುವವರು ಎಡವುವುದು ಇಲ್ಲೇ. 1 ಎಂಬ ಕೋಡು ಅಮೆರಿಕದ್ದೆಂದು ಎಲ್ಲರಿಗೂ ಗೊತ್ತು. ಅದೇ 1ರಲ್ಲಿ ಕೆನಡಾ ಇದೆ, 1876ರಲ್ಲಿ ಜಮೈಕಾ ಇದೆ, 1809ರಲ್ಲಿ ಡೊಮಿನಿಕನ್ ಗಣರಾಜ್ಯವಿದೆ. ಪಟ್ಟಿಯಲ್ಲಿ ಬರೇ 1 ಇದ್ದರೆ ಜಮೈಕಾದ ದುಬಾರಿ ಕರೆಯೂ ಅಮೆರಿಕದ ಅಗ್ಗದ ದರಕ್ಕೆ ಹೋಗುತ್ತದೆ. ನಷ್ಟ ಸೇವೆ ಕೊಡುವವರದ್ದು. ಕಜಕಸ್ತಾನ ರಷ್ಯಾದ 7ನ್ನೇ ಹಂಚಿಕೊಂಡಿದೆ. ಉಪಗ್ರಹ ಫೋನುಗಳ 870, 881ರಂಥ ಕೋಡುಗಳು ಸಾಮಾನ್ಯ ಕರೆಗಿಂತ ಎಷ್ಟೋ ಪಟ್ಟು ದುಬಾರಿ. ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 9180 ಎಂದು ಶುರುವಾದದ್ದೆಲ್ಲ ಬೆಂಗಳೂರು, ರಾಮನಗರದ ಕಡೆಯ ಸ್ಥಿರ ದೂರವಾಣಿ ಎಂದುಕೊಂಡರೆ ತಪ್ಪು. 8050, 8095 ಎಂದು ಆರಂಭವಾಗುವ ಹತ್ತಂಕಿಯ ಮೊಬೈಲ್ ನಂಬರುಗಳಿವೆ. ದೇಶದ 91 ಸೇರಿದಾಗ ಅವೂ 9180 ಆಗುತ್ತವೆ. ಆದ್ದರಿಂದ ಪಟ್ಟಿಯಲ್ಲಿ 91802 ಎಂಬಂತೆ ಇನ್ನೊಂದು ಅಂಕಿ ಮುಂದೆ ಹೋಗಿ ಬರೆಯಬೇಕು. ಒಳನಾಡಿನಲ್ಲಿ ಎರಡಕ್ಕೂ ಒಂದೇ ದರವಿದ್ದರೆ ಇದು ಗೊತ್ತಾಗದೇ ಹೋಗುತ್ತದೆ; ವಿದೇಶದಿಂದ ಇಲ್ಲಿಗೆ ಕರೆ ಮಾರುವ ಕಂಪನಿಗಳ ಪಟ್ಟಿಯಲ್ಲಿ ಮೊಬೈಲಿಗೊಂದು, ಸ್ಥಿರ ದೂರವಾಣಿಗೊಂದು ದರ ಇದ್ದಾಗ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ.

ಪ್ರಿಫಿಕ್ಸುಗಳು ಸಿದ್ಧವಾದ ಮೇಲೆ ಎರಡು ಪಟ್ಟಿಗಳು ಬೇಕು: ಕೊಳ್ಳುವ ದರದ್ದೊಂದು, ಮಾರುವ ದರದ್ದೊಂದು. ಕರೆ ಸಾಗಿಸುವ ದಾರಿಯನ್ನು ಮಾರುವ ಸಗಟು ಕಂಪನಿಗಳು ಎಲ್ಲ ದೇಶಗಳ ದರಗಳನ್ನು ಒಂದೇ ಕಡತದಲ್ಲಿ ಕಳಿಸುತ್ತವೆ, ಸಾಮಾನ್ಯವಾಗಿ ಡಾಲರಿನಲ್ಲಿ. ಒಂದು ದೇಶಕ್ಕೆ ಎರಡು ಮೂರು ಕಂಪನಿಗಳಿಂದ ದಾರಿ ಸಿಕ್ಕರೆ ಅಗ್ಗದ್ದನ್ನು ಮೊದಲು, ಅದು ಕೈಕೊಟ್ಟರೆ ಮುಂದಿನದನ್ನು ಆರಿಸುವಂತೆ, ಕರೆಗಳನ್ನು ಕೂಡಿಸುವ ಸ್ವಿಚ್ಚಿನಲ್ಲಿ ಕ್ರಮ ಹಾಕುತ್ತಾರೆ. ಅಗ್ಗದ ದಾರಿಯನ್ನೇ ಕಣ್ಣುಮುಚ್ಚಿ ಆರಿಸುವುದು ಜಾಣತನವಲ್ಲ. ಹತ್ತು ಕರೆಗಳಲ್ಲಿ ಎಷ್ಟು ಕೂಡುತ್ತವೆ, ಕೂಡಿದ ಕರೆಯಲ್ಲಿ ಜನ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬ ಎರಡು ಅಂಕಿಗಳೂ ಜೊತೆಗಿರಬೇಕು. ದನಿ ಕೇಳಿಸದ ಕರೆಯನ್ನು ಜನ ಅರ್ಧ ನಿಮಿಷದಲ್ಲೇ ಕತ್ತರಿಸಿಬಿಡುತ್ತಾರೆ.

ದರದಷ್ಟೇ ಮುಖ್ಯವಾದದ್ದು ಪಲ್ಸ್. ಗ್ರಾಹಕರು ಹೆಚ್ಚಾಗಿ ಗಮನಿಸುವುದು ನಿಮಿಷದ ದರವನ್ನು. ಬಿಲ್ಲನ್ನು ಏರಿಸುವುದು ಅನೇಕ ಸಲ ಪಲ್ಸ್. 60/60 ಎಂದರೆ ಮೊದಲ ಲೆಕ್ಕವೂ 60 ಸೆಕೆಂಡಿನದು, ನಂತರದ್ದೂ 60 ಸೆಕೆಂಡಿನದು. 1/1 ಎಂದರೆ ಸೆಕೆಂಡಿನ ಲೆಕ್ಕ. 30/6 ಎಂದರೆ ಕನಿಷ್ಠ 30 ಸೆಕೆಂಡು, ಆಮೇಲೆ ಆರಾರು ಸೆಕೆಂಡಿನ ಹೆಜ್ಜೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬರುವ, ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಹರಾಜಿನ ಹೊತ್ತಿನಲ್ಲಿ ಲಾಟಿನ ರೇಟು ಕೇಳಿ, ಹೇಳಿ ದಿನಕ್ಕೆ 20 ಕರೆ ಮಾಡುತ್ತಾರೆ, ಪ್ರತಿಯೊಂದೂ 65 ಸೆಕೆಂಡು ಎಂದುಕೊಳ್ಳೋಣ. ದರ ನಿಮಿಷಕ್ಕೆ 60 ಪೈಸೆ. 60/60ರಲ್ಲಿ ಪ್ರತಿ ಕರೆಯೂ ಎರಡು ನಿಮಿಷವಾಗಿ 1 ರೂಪಾಯಿ 20 ಪೈಸೆ ಬೀಳುತ್ತದೆ, ದಿನಕ್ಕೆ 24 ರೂಪಾಯಿ. 1/1ರಲ್ಲಿ ಕರೆಗೆ 65 ಪೈಸೆ, ದಿನಕ್ಕೆ 13 ರೂಪಾಯಿ. ದರ ಒಂದೇ ಇದ್ದರೂ ಬಿಲ್ಲು ಹತ್ತಿರ ಹತ್ತಿರ ಎರಡು ಪಟ್ಟು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ಎಂದು ಬಂದಾಗ ಉಳಿದ ಕಂಪನಿಗಳೂ ಬೇಗನೆ ಅದೇ ದಾರಿ ಹಿಡಿದದ್ದು ಜನರಿಗೆ ಈ ಲೆಕ್ಕ ತಿಳಿದದ್ದರಿಂದ. ಚಿಕ್ಕ ಚಿಕ್ಕ ಕರೆಗಳನ್ನೇ ಮಾಡುವ ವ್ಯಾಪಾರಿಗೆ ನಿಮಿಷದ ಪಲ್ಸ್ ಕೊಡುವುದು ನ್ಯಾಯವಲ್ಲ.

ಪಲ್ಸ್ ಮಾರುವವರನ್ನೂ ಕಾಡುತ್ತದೆ. ಒಂದು ದೇಶದ ದಾರಿಯನ್ನು ನಿಮಿಷಕ್ಕೆ 1 ರೂಪಾಯಿಯಂತೆ 60/60ರಲ್ಲಿ ಕೊಂಡು, ಗ್ರಾಹಕನಿಗೆ 1 ರೂಪಾಯಿ 40 ಪೈಸೆಯಂತೆ 1/1ರಲ್ಲಿ ಮಾರಿದರೆ ಮೇಲ್ನೋಟಕ್ಕೆ 40 ಪೈಸೆ ಲಾಭ. ಆದರೆ 65 ಸೆಕೆಂಡಿನ ಕರೆಗೆ ಕೊಳ್ಳುವ ವೆಚ್ಚ 2 ರೂಪಾಯಿ, ಬರುವ ಹಣ ಸುಮಾರು 1 ರೂಪಾಯಿ 52 ಪೈಸೆ. ಪ್ರತಿ ಕರೆಗೂ 48 ಪೈಸೆ ಕೈಬಿಡುತ್ತದೆ. ಇದರ ಮೇಲೆ ಡಾಲರಿನ ಏರಿಳಿತ, ಸರ್ಕಾರಕ್ಕೆ ಸಲ್ಲಬೇಕಾದ ಆದಾಯದ ಶೇ. 8ರ ಲೈಸೆನ್ಸ್ ಶುಲ್ಕ, ಗ್ರಾಹಕ ಸೇವೆಯ ಖರ್ಚು ಬೇರೆ. ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ. ಹೀಗಾಗಿ ತೆರಿಗೆ ಸೇರಿ 118 ರೂಪಾಯಿ ಕಟ್ಟಿದವರಿಗೆ ಸಿಗುವುದು 100 ರೂಪಾಯಿಯ ಮಾತು. ಜಾಹೀರಾತಿನ ದರ ತೆರಿಗೆ ಸೇರಿಯೋ ಸೇರದೆಯೋ ಎಂಬುದು ದರದ ಪಕ್ಕದಲ್ಲೇ ಬರೆದಿರಬೇಕು.

ಪ್ರೀಪೇಯ್ಡ್ ಖಾತೆಯಲ್ಲಿ ಕರೆ ಕೂಡುವ ಮೊದಲೇ ಲೆಕ್ಕ ನಡೆಯುತ್ತದೆ. ಬ್ಯಾಲೆನ್ಸ್ 12 ರೂಪಾಯಿ, ದರ ನಿಮಿಷಕ್ಕೆ ಒಂದೂವರೆ ರೂಪಾಯಿ ಆದರೆ ಸ್ವಿಚ್ಚಿಗೆ 480 ಸೆಕೆಂಡಿನ ಅಪ್ಪಣೆ ಸಿಗುತ್ತದೆ. ಅಷ್ಟಾದೊಡನೆ ಕರೆ ಕಡಿಯುತ್ತದೆ. ಒಂದೇ ಖಾತೆಯಿಂದ ಎರಡು ಫೋನುಗಳಲ್ಲಿ ಒಟ್ಟಿಗೆ ಮಾತಾಡಿದರೆ ಎರಡಕ್ಕೂ 480 ಸೆಕೆಂಡು ಸಿಕ್ಕಿ ಖಾತೆ 12 ರೂಪಾಯಿ ಸಾಲಕ್ಕೆ ಬೀಳುತ್ತದೆ. ಅದನ್ನು ತಡೆಯಲು ಹಣವನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ, ಒಂದೊಂದು ನಿಮಿಷದ ಮಟ್ಟಿಗೆ, ಕಾದಿರಿಸುತ್ತಾ ಹೋಗಬೇಕು. ಲೆಕ್ಕ ಶುರುವಾಗಬೇಕಾದ್ದು ಆ ಕಡೆಯವರು ಫೋನ್ ಎತ್ತಿದ ಕ್ಷಣದಿಂದ, ರಿಂಗಾಗುವ ಹೊತ್ತಿನಿಂದಲ್ಲ.

ಪ್ಯಾಕೇಜು ಕಟ್ಟುವಾಗ ಮೊದಲು ನೋಡಬೇಕಾದ್ದು ಗ್ರಾಹಕ ಮಾಡುವ ಕೆಲಸ. ಚನ್ನಪಟ್ಟಣದ ಬೊಂಬೆಗಳನ್ನು ವಿದೇಶಕ್ಕೆ ಕಳಿಸುವ ಘಟಕಕ್ಕೆ ಜಗತ್ತಿನ ಎಲ್ಲ ದೇಶ ಬೇಕಿಲ್ಲ. ಕೊಳ್ಳುವವರಿರುವ ನಾಲ್ಕೈದು ದೇಶಗಳಿಗೆ ಕಡಿಮೆ ದರದ ನಿಮಿಷಗಳಿದ್ದು, ಉಳಿದ ದೇಶಗಳು ಮೊದಲಿಂದಲೇ ಬಂದ್ ಆಗಿದ್ದರೆ ಒಳ್ಳೆಯದು. ಕಚೇರಿಯ ಫೋನ್ ಯಂತ್ರದ ಪಾಸ್‌ವರ್ಡ್ ಕದ್ದು, ರಜೆಯ ರಾತ್ರಿಗಳಲ್ಲಿ ದುಬಾರಿ ನಂಬರುಗಳಿಗೆ ಕರೆ ಸುರಿಯುವ ವಂಚಕರು ಇರುವುದರಿಂದ ಈ ಬಂದೋಬಸ್ತಿನ ಜೊತೆ ದಿನದ ಖರ್ಚಿಗೂ ಮಿತಿ ಬೇಕು. ಕನಕಪುರದ ನರ್ಸಿಂಗ್ ಹೋಮ್ ಒಂದರ ಅಗತ್ಯ ಬೇರೆ: ಅಲ್ಲಿ ಬರುವ ಕರೆಗಳೇ ಹೆಚ್ಚು. ಅದಕ್ಕೆ ಬೇಕಾದ್ದು ನಿಮಿಷಗಳ ಬದಲು ಚಾನೆಲ್, ಅಂದರೆ ಏಕಕಾಲಕ್ಕೆ ನಡೆಯಬಲ್ಲ ಕರೆ. ಐದು ಚಾನೆಲ್ ಕೊಂಡವರಿಗೆ ಆರನೆಯ ಕರೆ ಬ್ಯುಸಿ. ದನಿಯನ್ನು ಡೇಟಾ ಆಗಿ ಬದಲಿಸುವ ಬಗೆಗೆ ಕೋಡೆಕ್ ಎಂದು ಹೆಸರು; ಉತ್ತಮ ದನಿಯ ಜಿ.711 ಕೋಡೆಕ್ಕಿನಲ್ಲಿ ಒಂದು ಕರೆ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ತಿನ್ನುತ್ತದೆ, ಜಿ.729ರಲ್ಲಿ ಸುಮಾರು 31. ಮಾಗಡಿಯ ಕಡೆಯ ಹಳ್ಳಿಯೊಂದರ ಸಂಘಕ್ಕೆ ಇಂಟರ್ನೆಟ್ ವೇಗ ಕಡಿಮೆಯಿದ್ದರೆ ಎರಡನೆಯದೇ ಸರಿ.

ನಿಮಿಷದ ಪ್ಯಾಕುಗಳಲ್ಲಿ ಬಳಸದೆ ಉಳಿದದ್ದೇ ಮಾರುವವರ ಲಾಭದ ಒಂದು ಪಾಲು. 250 ರೂಪಾಯಿಗೆ 500 ನಿಮಿಷ ಎಂದರೆ ನಿಮಿಷಕ್ಕೆ 50 ಪೈಸೆ. 300 ನಿಮಿಷ ಮಾತ್ರ ಬಳಸಿದವರಿಗೆ ಅದು 83 ಪೈಸೆ ಆಯಿತು. ಕೊಳ್ಳುವ ಮೊದಲು ಹಿಂದಿನ ಎರಡು ಮೂರು ತಿಂಗಳ ಬಳಕೆ ನೋಡಿದರೆ ಇದು ತಿಳಿಯುತ್ತದೆ. ಕೊಲ್ಲಿ ದೇಶಗಳಲ್ಲಿ ಇನ್ನೊಂದು ಬಗೆಯಿದೆ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ತಡೆಯಿರುವುದರಿಂದ, 2018ರ ಆರಂಭದಲ್ಲಿ ಅಲ್ಲಿನ ಎತಿಸಲಾತ್ ಮತ್ತು ಡು ಕಂಪನಿಗಳು ತಿಂಗಳಿಗೆ 50 ದಿರ್ಹಮಿಗೆ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳ ಪ್ಯಾಕ್ ತಂದವು. ಇಲ್ಲಿ ಡೇಟಾದಲ್ಲೇ ಮುಗಿಯುವ ಮಾತಿಗೆ ಅಲ್ಲಿ ದುಡಿಯುವ ಕನ್ನಡಿಗರು ತಿಂಗಳ ಬಾಡಿಗೆ ಕಟ್ಟಬೇಕಾಯಿತು.

ದರಗಳ ನಡುವಿನ ಅಂತರವೇ ಕಳ್ಳದಾರಿಗೂ ಕಾರಣ. ವಿದೇಶದಿಂದ ಭಾರತಕ್ಕೆ ಬರುವ ಕರೆಗೆ 2020ರ ಮೇ 1ರಿಂದ ನಿಮಿಷಕ್ಕೆ 35ರಿಂದ 65 ಪೈಸೆಯೊಳಗೆ ಟರ್ಮಿನೇಷನ್ ಶುಲ್ಕ ನಿಗದಿಯಾಗಿದೆ. ಒಳನಾಡಿನ ಕರೆಗೆ ಸೊನ್ನೆ. ಅಂತರರಾಷ್ಟ್ರೀಯ ಕರೆಯನ್ನು ಇಂಟರ್ನೆಟ್ಟಿನಲ್ಲಿ ತಂದು, ಸಿಮ್ ಬಾಕ್ಸ್ ಎಂಬ ಯಂತ್ರದ ಮೂಲಕ ಸ್ಥಳೀಯ ಮೊಬೈಲ್ ಕರೆಯಂತೆ ಬಿಟ್ಟರೆ ಆ ಶುಲ್ಕ ತಪ್ಪುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಮತ್ತು ಸೇನಾ ಗುಪ್ತಚರ ವಿಭಾಗ ಪತ್ತೆ ಹಚ್ಚಿದ ಅಕ್ರಮ ಎಕ್ಸ್‌ಚೇಂಜಿನಲ್ಲಿ ಏಕಕಾಲಕ್ಕೆ 960 ಸಿಮ್ ನಡೆಸಬಲ್ಲ 32 ಸಿಮ್ ಬಾಕ್ಸುಗಳಿದ್ದವು. ಇದರಿಂದ ಸರ್ಕಾರಕ್ಕೂ ಕಂಪನಿಗಳಿಗೂ ವರಮಾನ ತಪ್ಪುವುದಲ್ಲದೆ, ಕರೆ ಮಾಡಿದವರ ನಿಜವಾದ ನಂಬರೂ ಮರೆಯಾಗುತ್ತದೆ. ಮಾರುಕಟ್ಟೆಯ ದರಕ್ಕಿಂತ ವಿಪರೀತ ಅಗ್ಗಕ್ಕೆ ಭಾರತದ ದಾರಿ ಕೊಡುತ್ತೇವೆ ಎಂದು ಬರುವ ಸಗಟು ಪಟ್ಟಿಗಳನ್ನು ಸಂಶಯದಿಂದಲೇ ನೋಡಬೇಕು.

ದರ ಬದಲಾದಾಗ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಬರೆಯುವಂತಿಲ್ಲ. ಪ್ರತಿ ದರಕ್ಕೂ ಜಾರಿಯ ದಿನ, ಮುಗಿಯುವ ದಿನ ಇರಬೇಕು. ಇಲ್ಲದಿದ್ದರೆ ಕಳೆದ ತಿಂಗಳ ಕರೆಗೆ ಈ ತಿಂಗಳ ದರ ಬೀಳುತ್ತದೆ. ಭಾರತದ ಟೆಲಿಫೋನ್ ಕಂಪನಿಗಳು ಹೊಸ ದರವನ್ನು ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಮಾಡಬೇಕು. ಪ್ರತಿ ಕರೆಗೂ ನಂಬರು, ಆರಂಭ, ಅವಧಿ, ಹಾಕಿದ ದರ, ಕಳೆದ ಹಣ ಇರುವ ದಾಖಲೆ ಸ್ವಿಚ್ಚಿನಲ್ಲಿ ಉಳಿಯುತ್ತದೆ. ತಿಂಗಳ ಕೊನೆಗೆ ಸಗಟು ಕಂಪನಿಯ ಬಿಲ್ಲನ್ನು ಈ ದಾಖಲೆಯ ಜೊತೆ ತಾಳೆ ನೋಡಿದರೆ ತಪ್ಪಾದ ಪ್ರಿಫಿಕ್ಸು, ತಪ್ಪಾದ ಪಲ್ಸ್ ಎರಡೂ ಸಿಕ್ಕಿಬೀಳುತ್ತವೆ. ಗ್ರಾಹಕರಿಗೂ ಇಂಥ ವಿವರ ಪಡೆಯುವ ಹಕ್ಕಿದೆ: 2012ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಪ್ರೀಪೇಯ್ಡ್ ಗ್ರಾಹಕರು ಹಿಂದಿನ ಆರು ತಿಂಗಳೊಳಗಿನ ತಮ್ಮ ಕರೆಗಳ ಬಿಡಿ ಬಿಡಿ ಲೆಕ್ಕವನ್ನು ಕಂಪನಿಯಿಂದ ಕೇಳಬಹುದು; ಅದಕ್ಕೆ 50 ರೂಪಾಯಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ.